ಸೆನ್ಸರ್ ಕೆಳಗಿನ ಬಿಸಿ ಲೋಟ

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ಅಕ್ಕ ತಿರುಗಿಯೂ ನೋಡದೆ ಮಾತಾಡುತ್ತಿದ್ದಳು.

"ನಮ್ಮ ಆಫೀಸಲ್ಲಿ ಏಸಿ ಸೆನ್ಸರ್ ಕೆಳಗೆ ಬಿಸಿನೀರಿನ ಲೋಟ ಇಟ್ರೆ, ರೂಮೇ ಕಾದಿದೆ ಅಂದ್ಕೊಂಡು ತಣ್ಣಗೆ ಗಾಳಿ ಬಿಡುತ್ತೆ ಅಂತ ಮನೇಲಿ ಊಟಕ್ಕೆ ಕೂತಾಗ ತಮಾಷೆಗೆ ಹೇಳಿದ್ದೆ ಕಣೋ."

"ನಿಮ್ಮ ಆಫೀಸಿನ ಏಸಿ ಕರೆಂಟ್ ಉಳಿಸೋ ಕೆಲಸ ನಮ್ಮ ಕಂಪ್ನಿಗೆ ಬಂದಿತ್ತಲ್ಲ, ಅದಕ್ಕೆ ಕಂಪ್ಯೂಟರಲ್ಲಿ ನಿಮ್ಮ ಆಫೀಸಿನ ಥರಾನೇ ಒಂದು ಬಿಲ್ಡಿಂಗ್ ಕಟ್ಟಿದ್ವಿ ಅಕ್ಕಾ. ಅಲ್ಲಿ ಕರೆಂಟ್ ಉಳೀತಿತ್ತು, ನಿಮ್ಮಲ್ಲಿ ಉಳೀತಿರ್ಲಿಲ್ಲ. ಯಾಕೆ ಅಂತ ತಲೆ ಕೆಟ್ಟೋಗಿತ್ತು. ಅದಕ್ಕೆ ಆ ಕಂಪ್ಯೂಟರ್ ಬಿಲ್ಡಿಂಗಲ್ಲೂ ಲೋಟ ಇಟ್ಟು ನೋಡ್ದೆ."

"ಎರಡೂ ಕಡೆ ಲೆಕ್ಕ ತಾಳೆ ಆಯ್ತಾ?"

"ಆಯ್ತು."

"ಈಗ ಸೆನ್ಸರ್‌ಗೆ ಬೀಗದ ಡಬ್ಬಿ ಹಾಕಿದಾರೆ. ಎಲ್ರೂ ಬೆವರು ಒರೆಸ್ಕೊಂಡು ಕೆಲಸ ಮಾಡ್ತಿದೀವಿ."

"ರಿಪೋರ್ಟಲ್ಲಿ ನಿನ್ನ ಹೆಸರು ಹಾಕಿಲ್ಲ."

"ಹೆಸರು ಯಾಕೋ ಬೇಕು? ಲೋಟದ ಉಪಾಯ ನಂದು ಅಂತ ಇಡೀ ಮಹಡಿಗೆ ಗೊತ್ತು. ನೀನು ನನ್ನ ತಮ್ಮ ಅಂತಾನೂ ಗೊತ್ತು. ಇವತ್ತು ಊಟಕ್ಕೆ ನನ್ನ ಯಾರೂ ಕರೀಲಿಲ್ಲ."

"ಬೇಕೂಂತ ಮಾಡಲಿಲ್ಲ ಅಕ್ಕಾ."

"ಅವತ್ತು ನೀನು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ. ಇನ್ನೊಂದು ಸಲ ಹೇಳು, ಇನ್ನೊಂದು ಸಲ ಹೇಳು ಅಂದೆ. ನನ್ನ ಮಾತು ಅಷ್ಟು ಹಿಡಿಸ್ತು ಅಂದ್ಕೊಂಡು ನಾನೂ ಹೇಳಿದ್ದೇ ಹೇಳಿದ್ದು."

ಬಸ್ಸು ಬಂತು. ಅಕ್ಕ ಹತ್ತಿದಳು. ತಮ್ಮ ಕದಲಲಿಲ್ಲ, ನಾನು ಅವನನ್ನು ದಾಟಿಕೊಂಡು ಹತ್ತಬೇಕಾಯಿತು.