ಎರಡನೇ ಸಲ ಕೇಳದ ಸಂತೆ

...ಅಲ್ಲ, ಆ ಮೊಬೈಲು ಬದಿಗಿಡಿ ಮಕ್ಕಳೇ, ತೈವಾನಿನ ರಾತ್ರಿ ಸಂತೆ ನೋಡ್ಲಿಕ್ಕೆ ನೀವು ವಿಮಾನ ಹತ್ತುತ್ತೀರಿ, ಹತ್ತಿ, ನಾನು ಅದನ್ನು ಇದೇ ದೋಹಾದಲ್ಲಿ ನೋಡಿ ಆಗಿದೆ. ತೊಂಬತ್ತರ ದಶಕ, ನೀವಿನ್ನೂ ಹುಟ್ಟಿರಲಿಲ್ಲ. ಆಗ ನಾವಿದ್ದದ್ದು ಇಲ್ಲಿನ ಬಿನ್ ಮಹಮೂದ್ ಏರಿಯಾದಲ್ಲಿ, ಒಂದು ಫ್ಲ್ಯಾಟು, ಎರಡು ಸಂಸಾರ, ನಡುವೆ ಪ್ಲೈವುಡ್ಡು. ಆಚೆಯವರು ಸೀನಿದರೆ ಈಚೆ ನಮ್ಮ ಸ್ಮಿತಾ ಏಳುತ್ತಿದ್ದಳು, ತಿಂಗಳ ಕೂಸು, ಅಲ್ಲ, ಆಗಲೇ ಅಂಬೆಗಾಲು. ಎಂಎ ಮಾಡಿದ ನಾನು ಇಡೀ ದಿನ ಆ ಪ್ಲೈವುಡ್ಡನ್ನು ಓದ್ತಾ ಕೂತಿರ್ತಿದ್ದೆ. ಅದಿರಲಿ. ನಿಮ್ಮ ದೊಡ್ಡಪ್ಪನ ಕಂಪನಿ ಮುಚ್ಚಿತು. ಅರಬಾಬು, ಅಂದ್ರೆ ಅರಬ್ಬಿ ಧಣಿ, ಹೇಳಿಯೇ ಬಿಟ್ಟ, ತಿಂಗಳ ಕೊನೆಗೆ ಖಲಾಸ್. ಅಷ್ಟರೊಳಗೆ ಆಫೀಸಿನ ಕೆಲಸ ಸಿಕ್ಕಿದರೆ ನಾವು ಮೂವರೂ ಇಲ್ಲಿ, ಗೋದಾಮಿನ ಕೆಲಸವಾದರೆ ಅವರೊಬ್ಬರೇ ಇಲ್ಲಿ, ಯಾಕಂದ್ರೆ ಆ ಕೆಲಸಕ್ಕೆ ಫ್ಯಾಮಿಲಿ ವೀಸಾ ಮಾಫಿ, ಅಂದ್ರೆ ಇಲ್ಲವೇ ಇಲ್ಲ. ಗೊತ್ತುಂಟಲ್ಲ.

ಆಗ ಪ್ಲೈವುಡ್ಡಿನ ಆಚೆಯ ಹಮೀದಾಕ, ಬಂಟ್ವಾಳ ಕಡೆಯ ಬ್ಯಾರಿಗಳು, ತೈವಾನಿನ ಒಂದು ಕಂಪನಿಯಲ್ಲಿ ಡ್ರೈವರು. ಅವರೇ ಹೇಳಿದ್ದು, "ನಮ್ಮ ಮ್ಯಾನೇಜರಿಗೆ ಲೆಕ್ಕ ಗೊತ್ತಿದ್ದ ಜನ ಬೇಕು ಶೆಟ್ರೆ. ಆ ಮನುಷ್ಯ ಆಫೀಸಲ್ಲಿ ಸಿಗ್ಲಿಕ್ಕಿಲ್ಲ. ಅವರ ಹೊಸ ವರ್ಷಕ್ಕೆ ಕ್ಯಾಂಪಿನ ಅಂಗಳದಲ್ಲಿ ಊರಿನ ಹಾಗೇ ಸಂತೆ ಹಾಕ್ತಾರೆ, ಅಲ್ಲಿ ಬನ್ನಿ. ನಾನು ಹೇಳಿಟ್ಟಿದ್ದೇನೆ."

ಹೋದೆವು. ಕೆಂಪು ಕಾಗದದ ದೀಪಗಳು, ಹೊಗೆ, ಬೊಬ್ಬೆ. ಒಂದು ಕಡೆ ಹುಳಿ ಬರಿಸಿದ ಸೋಯಾ ಗಟ್ಟಿಯನ್ನು ಎಣ್ಣೆಯಲ್ಲಿ ಕರೀತಿದ್ರು, ಏನು ನಾತ ಅಂತೀರಿ. ಆದರೂ ಬಾಯಲ್ಲಿ ನೀರು, ಬೆಳಿಗ್ಗೆಯಿಂದ ನಮಗೆ ಖುಬ್ಬೂಸು ರೊಟ್ಟಿ, ಚಾ ಬಿಟ್ಟರೆ ಬೇರೆ ಇಲ್ಲ. ಆ ಮ್ಯಾನೇಜರ್ ಮನುಷ್ಯ ಅಂಗಿಯ ತೋಳು ಮಡಚಿ ತಾನೇ ಬೊಂಡಾಸ್ ಮೀನನ್ನು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡ್ತಿದ್ದ. ಹಮೀದಾಕ ನಮ್ಮನ್ನು ತೋರಿಸಿದ್ದೇ ತಡ, ನಕ್ಕು ಒಂದು ಕಡ್ಡಿ ಮುಂದೆ ಹಿಡಿದ, "ತಿನ್ನಿ, ತಿನ್ನಿ." ನಿಮ್ಮ ದೊಡ್ಡಪ್ಪ ಎರಡೂ ಕೈ ಎದೆಗೆ ತಂದು, "ಬೇಡ ಸರ್, ಈಗಷ್ಟೇ ಊಟ ಆಯ್ತು, ಭರ್ಜರಿ ಊಟ" ಅಂದ್ರು. ನಮ್ಮ ಕಡೆ ಹಾಗೇ ಅಲ್ವಾ. ಮೊದಲ ಸಲ ಬೇಡ ಅನ್ನಬೇಕು, ಅವರು ಒತ್ತಾಯ ಮಾಡಬೇಕು, ಮತ್ತೂ ಬೇಡ ಅನ್ನಬೇಕು, ಅವರು ಬಡಿಸಿಯೇ ಬಿಡಬೇಕು. ಈತ ಬಡಿಸಲಿಲ್ಲ. ಊಟ ಆಗಿದೆಯಂತೆ, ಪಾಪ, ಅಂತ ಕಡ್ಡಿಯನ್ನು ವಾಪಸು ಕೆಂಡದ ಮೇಲಿಟ್ಟ.

ಆಮೇಲೆ ಕೇಳಿದ, "ನಿಮಗೆ ಕೆಲಸ ಬೇಕಂತೆ?"

"ಅಂಥ ಅರ್ಜೆಂಟ್ ಎಂತ ಇಲ್ಲ ಸರ್. ದೇವರ ದಯೆಯಿಂದ ಆರಾಮ ಇದ್ದೇವೆ. ನಿಮಗೆ ಅನುಕೂಲ ಆದಾಗ ನೋಡುವ."

ಮ್ಯಾನೇಜರಿಗೆ ನಿಜವಾಗಿ ಸಂತೋಷ ಆಯ್ತು, ನಾವು ಆರಾಮ ಇದ್ದೇವಲ್ಲ. ಕೈ ಕುಲುಕಿದ. ನಮ್ಮ ಹಿಂದೆ ಒಬ್ಬ ಮಲಯಾಳಿ ನಿಂತಿದ್ದ. ಅವ, "ಸರ್, ನೋ ಜಾಬ್ ಸರ್, ವೆರಿ ಹಂಗ್ರಿ ಸರ್" ಅಂದವನೇ ಆ ಕಡ್ಡಿಯನ್ನೇ ತೆಗೆದುಕೊಂಡು ನಿಂತಲ್ಲೇ ತಿಂದ, ಎಣ್ಣೆ ಗಲ್ಲದ ಮೇಲೆ ಇಳೀತಿತ್ತು. ಶನಿವಾರದಿಂದ ಆಫೀಸಿಗೆ ಬಾ ಅಂದ ಮ್ಯಾನೇಜರ್, ಅವನಿಗೆ.

ವಾಪಸು ಬರುವಾಗ ಕಾರಿನಲ್ಲಿ ಹಮೀದಾಕ, "ಅಲ್ಲ ಶೆಟ್ರೆ, ಮದುವೆ ಊಟಕ್ಕೆ ಬಂದದ್ದಾ ನೀವು?" ಅಂದ್ರು. ದೊಡ್ಡಪ್ಪ ಕಿಟಕಿಯ ಹೊರಗೆ ನೋಡ್ತಾ, "ಇನ್ನೊಂದು ಸಲ ಕೇಳಬಹುದಿತ್ತಲ್ಲ ಅವ" ಅಂದ್ರು. ನನಗೆ ನಗು ಬಂತು, ನಗಲಿಕ್ಕೆ ಆಗಲಿಲ್ಲ.

ತಿಂಗಳ ಕೊನೆಗೆ ಅವರಿಗೆ ಗೋದಾಮೇ ಸಿಕ್ಕಿದ್ದು. ಅವರು ಬ್ಯಾಚುಲರ್ ರೂಮಿಗೆ, ನಾನೂ ಸ್ಮಿತಾಳೂ ಊರಿಗೆ. ನಾನು ಅಲ್ಲಿ ಕಾಲೇಜಿನಲ್ಲಿ ಪಾಠ ಮಾಡಿದೆ, ಅವರು ಇಲ್ಲಿ ಪೆಟ್ಟಿಗೆ ಎಣಿಸಿದ್ರು. ಅವರು ರಜೆಗೆ ಊರಿಗೆ ಬಂದಾಗ ಸ್ಮಿತಾ ಅವರಿಗೆ ಕುರ್ಚಿ ಕೊಟ್ಟು "ಕೂತ್ಕೊಳ್ಳಿ, ಅಮ್ಮ ಒಳಗಿದ್ದಾರೆ" ಅಂತಿದ್ದಳು. ಇವರೂ ನೆಂಟರ ಹಾಗೇ ಕೂತ್ಕೊಳ್ತಿದ್ರು. ಅದು ಕೊನೆಗೂ ಸರಿ ಆಗಲಿಲ್ಲ, ಅವರು ತೀರಿಹೋಗುವವರೆಗೂ.

ಆದ್ದರಿಂದ ಮಕ್ಕಳೇ, ಹಸಿವಾದರೆ ಮೊದಲ ಸಲಕ್ಕೇ ಕೈ ಚಾಚಿ. ಬೇರೆಯವರ ಊರಿನಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ.