ಹತ್ತದ ಇಂಡಿಕೇಟರ್

ಡಫಳಾಪುರದ ಗ್ಯಾರೇಜಿನಲ್ಲಿ ಪಂಕ್ಚರ್ ಹಾಕಿಸಲು ಕುಳಿತಿದ್ದೆ. ಒಬ್ಬ ಹುಡುಗಿ ಹಳೇ ಬೈಕು ತಂದು ನಿಲ್ಲಿಸಿದಳು.

“ಯಾಕ ಗಾಬರಿ ಆಗೀದಿ, ಅಲ್ಮಾಸ?” ಮಿಸ್ತ್ರಿ ಶಂಕರಲಿಂಗ ಕೇಳಿದರು.

“ಬಲಕ್ಕ ಹೊಳ್ಳುವಾಗ ಇಂಡಿಕೇಟರ್ ಹತ್ತಲಿಲ್ರಿ ಕಾಕಾ. ಹಿಂದಿನ ಟ್ರಕ್ಕು ಗಾಡಿ ಮ್ಯಾಲ ಕುಂತಿದ್ದ ಅಮ್ಮಿ ಸೆರಗಿಗೆ ತಾಗಿ ಹೋತು.”

“ಅಯ್ಯ! ಅಮ್ಮಿ ಎಲ್ಲಿ?”

“ಏನೂ ಆಗಿಲ್ರಿ. ಆದ್ರ ಹೆದರಿ ಮತ್ತ ಗಾಡಿ ಹತ್ತಲಿಲ್ಲ. ನಡಕೋತ ಬರಾಕತ್ತಾರ.”

ಮಿಸ್ತ್ರಿ ಬಲಗಡೆಯ ಇಂಡಿಕೇಟರ್ ಬಿಚ್ಚಿದರು.

“ಬಲ್ಬು ಚಲೋ ಐತಿ. ಅರ್ಥಿಂಗ್ ವೈರಿಗೆ ಜಂಗ ಹಿಡದೈತಿ.”

ವೈರಿನ ತುದಿಯ ತುಕ್ಕು ಉಜ್ಜಿ ತೆಗೆದು, ಬಿಗಿದರು. ದೀಪ ಮಿಣುಕಿತು.

“ನೀನ ಹಾಕಿ ನೋಡು.”

ಹಾಕಿದಳು, ಆರಿಸಿದಳು, ಮತ್ತೆ ಹಾಕಿದಳು. ಪ್ರತಿ ಸಲವೂ ಮಿಣುಕಿತು.

“ಈಗ ಹೆದರಿಕಿ ಹೋತಿಲ್ಲೊ?”

“ಇಲ್ರಿ ಕಾಕಾ. ಆ ಟ್ರಕ್ಕಿನ ಗಾಳಿ ಇನ್ನೂ ಬೆನ್ನಿಗೆ ಬಡದಂಗ ಆಗತೈತಿ.”

ದೀಪ ಮಿಣುಕುತ್ತಿದ್ದ ಹಾಗೆಯೇ, ಬೈಕು ಏರದೆ, ಅದನ್ನು ತಳ್ಳುತ್ತಾ ಅವಳು ತಾಯಿ ಬರುವ ದಾರಿಯತ್ತ ನಡೆದಳು.