ಈಶ್ವರಿ ಬೇರಿಗೆ ಬರದು ಕೊಟ್ಟ ಕಾಗದ

…ಅಲ್ರೀ, ಮೂರು ಮಂದಿನ್ನ ಕೇಳಿದೆ, ಮೂರೂ ಮಂದಿ ಮೂರು ದಿಕ್ಕಿಗೆ ಕೈ ಮಾಡಿದ್ರು! ಬರ್ಲಿನ್‌ದಾಗ ಭಾಷಾ ಬರಲಾರದ ತಿರುಗೇನಿ, ನೈರೋಬಿಯಾಗ ಒಬ್ಬಾಕಿನ ತಿರುಗೇನಿ. ಎಲ್ಲೂ ಇಲ್ಲದ್ದು, ಖಾನಾಪುರ ದಾಟಿ ಈ ಬೀಡಿ ಊರಿನ ಹೊಲದಾಗ ದಾರಿ ತಪ್ಪಿದೆ ನೋಡ್ರಿ! ಔಷಧಕ್ಕ ಈಶ್ವರಿ ಬೇರು ಕೊಡೋ ಭೀಮಕ್ಕನ ಮನಿ ಯಾವ ಕಡೆ?… ಏನು, ನಿಮ್ಮವ್ವನಾ? ಹಂಗಾರ ನೀವು ಬಂಡೆಪ್ಪ! ಎಪ್ಪತ್ತೆಂಟರಾಗ ನಾ ಬಂದಾಗ ನಿಮಗ ಮೀಸಿ ಇದ್ದಿಲ್ಲಲ್ರಿ. ನಾನು ಕಾಂತಾ, ಬೆಳಗಾವಿ ಸದಾಶಿವನಗರದಾಕಿ, ಕಾಲೇಜಿನಿಂದ ಔಷಧದ ಗಿಡ ನೋಡಾಕ ಬಂದಿದ್ದಾಕಿ. ನಡೀರಿ, ನಿಮ್ಮ ಕುರಿ ಹಿಂದ ನಾನೂ ಒಂದು ಕುರಿ.

ಯಾಕ ನಗ್ತೀರಿ? ನನ್ನ ಎತ್ತರ ಚಪ್ಪಲಿ ನೋಡಿ? ನಗ್ರಿ, ನಗ್ರಿ. ನಾ ಬಂದದ್ದು ಮಾತ್ರ ನಗೋ ಸುದ್ದಿಗಲ್ಲ. ಆ ಬೇರು ಕುಡಿಸೋದು ಬಿಡ್ರಿ ಅಂತ ಹೇಳಾಕ.

ಕೇಳ್ರಿ. ನಿಮ್ಮ ಮೈಯಾಗ ಕಣ್ಣಿಗೆ ಕಾಣದ ಜೀವಕೋಶ ಅದಾವು. ಒಂದೊಂದರಾಗ ಡಿಎನ್‌ಎ ಅಂತ ಎರಡೆಳಿ ಹುರಿ; ಮೈ ಹೆಂಗ ಕಟ್ಟಬೇಕು ಅನ್ನೋದೆಲ್ಲಾ ಅದರಾಗ ಬರದೈತಿ. ಈ ಬೇರಿನ ವಿಷ ಆ ಎಳಿಗೆ ಅಂಟತೈತಿ, ಕುರಿ ಉಣ್ಣೆಗೆ ಮುಳ್ಳು ಅಂಟಿದಂಗ. ಜೀವಕೋಶಾನೂ ದಡ್ಡ ಅಲ್ಲ ಮತ್ತ! ಅಲ್ಲೇ ರಿಪೇರಿಯವರು ಅದಾರ. ಎಳಿ ಮ್ಯಾಲೆ ಕೈ ಆಡಿಸ್ಕೋತ ಹೋಗ್ತಾರ. ಗಂಟು ಹತ್ತಿದಲ್ಲೆ ಆಚೀಚಿ ಕತ್ತರಸ್ತಾರ, ಬಾಜೂ ಎಳಿ ನೋಡಿ ಹೊಸಾದು ತುಂಬತಾರ. ವಡಗಾವಿ ನೇಕಾರರು ಇಷ್ಟು ಬಾರೀಕ ಕೆಲಸಕ್ಕ ಚಾ ಕೇಳ್ತಾರ, ಇವರು ಅದನ್ನೂ ಕೇಳೂದಿಲ್ಲ!

ಆದ್ರ… ದಿನಾ ಕುಡದ್ರ? ಒಂದು ಮುಳ್ಳು ತೆಗಿಯೋದ್ರಾಗ ಹತ್ತು ಅಂಟತಾವು. ರಿಪೇರಿ ಆಗೂಕಿನ ಮೊದಲ ಕೋಶ ಒಂದಿದ್ದದ್ದು ಎರಡಾದ್ರ ತಪ್ಪೂ ನಕಲಾಗಿ ಕುಂದರತೈತಿ. ಆಮ್ಯಾಲೆ ರಿಪೇರಿಯವರಿಗೂ ತಪ್ಪ ಖರೇ ಅನಸ್ತೈತಿ. ಇಲಿಗೆ ಕುಡಿಸಿ ನೋಡ್ಯಾರ. ಹೊಟ್ಟ್ಯಾಗ ಕ್ಯಾನ್ಸರ್ ಗಡ್ಡಿ ಬೆಳದಾವು. ಜರ್ಮನಿಯಾಗ ಇದ ಜಾತಿ ಬೇರಿನ ಔಷಧ ಬಂದ್ ಮಾಡ್ಯಾರ.

ಏನಂದ್ರಿ?… ಸತ್ಯವ್ವ ಬಾಣಂತಿ? ನಿಮ್ಮ ಹೆಂಡ್ತಿ? ಈ ಬೇರಿನ ಕಷಾಯ… ಎರಡೂ ಹೊತ್ತು?

ಯಾಕ ನಿಂತ್ರಿ? ಹೌದ್ರಿ, ಗೊತ್ತೈತಿ. ಇದು ಚೊಲೋ ಬೇರು ಅಂತ ಕಾಲೇಜಿನ ಕಾಗದದ ಮ್ಯಾಲೆ ನಾನ ಬರದು ಸಹಿ ಮಾಡಿ ಕೊಟ್ಟಿದ್ದೆ. ಆದ್ರ ಆವಾಗ ಪರೀಕ್ಷೆ ಮಾಡಿದಾಗ ಏನೂ ಸಿಗಲಿಲ್ಲ. ವಿಜ್ಞಾನ ಅಂದ್ರ ಹಂಗರೀ, ವರ್ಷ ವರ್ಷ ಬದಲಾಗ್ತೈತಿ…

ಬೈರಿ! ಕನ್ನಡದಾಗ ಸಾಲಲಿಲ್ಲಂದ್ರ ಮರಾಠಿಯಾಗ ಬೈರಿ. ಹಿಂಗ ನನ್ನ ಮುಖಾನ ನೋಡಬ್ಯಾಡ್ರಿ…

…ಮಾಡಿರಲಿಲ್ಲ. ಪರೀಕ್ಷೆ ಮಾಡಿರಲಿಲ್ಲರೀ. ನಿಮ್ಮವ್ವ ನನ್ನ ಕರಕೊಂಡು ಮೂರು ದಿನ ಕಾಡು ತಿರುಗಿದ್ಲು, ಗಿಡಗಿಡಾ ತೋರಿಸಿದ್ಲು. ಕೂಲಿ ಬ್ಯಾಡ ಅಂದ್ಲು. "ನನ್ನ ಬೇರು ಚೊಲೋದೋ ಕೆಟ್ಟದ್ದೋ ನೋಡಿ ಹೇಳವ್ವಾ," ಅಷ್ಟ ಕೇಳಿದ್ಲು. ನನಗ ಮುಂಬೈ ವಿಮಾನದ ಗಡಿಬಿಡಿ. ಆಕಿ ಕೊಟ್ಟ ಬೇರಿನ ಚೀಲ ಬಿಚ್ಚಲಿಲ್ಲ. ಚೊಲೋದು ಅಂತ ಬರದು ಟಪಾಲಿಗೆ ಹಾಕಿದೆ. ಇಲಿ ಸುದ್ದಿ ಓದಿ ನಾಕು ವರ್ಷ ಆತು. ದೇಶ ದೇಶದಿಂದ ಗೆಳತ್ಯಾರಿಗೆ ಕಾರ್ಡ್ ಹಾಕಿದೆ, ಈ ಊರಿಗೊಂದು ಹಾಕಲಿಲ್ಲ.

ಓಡಬ್ಯಾಡ್ರಿ, ತಡೀರಿ, ನಾನೂ ಬಂದೆ! ಇದೇನಾ ಮನಿ? ನೀವು ಹೇಳಬ್ಯಾಡ್ರಿ, ಬಂಡೆಪ್ಪ, ನಾನ ಹೇಳಬೇಕು… ಭೀಮಕ್ಕಾ! ಒಲಿ ಮ್ಯಾಲಿನ ಗಡಿಗಿ ಇಳಸ್ರಿ. ನೀವು ಕೇಳಿದ್ದಕ್ಕ ಉತ್ತರ ತಂದೇನಿ. ಆ ಬೇರು ಕೆಟ್ಟದ್ದು. ನಾ ಅದನ್ನ ನೋಡದ ಚೊಲೋದು ಅಂತ ಬರದು ಕೊಟ್ಟಿದ್ದೆ.